ಸಣ್ಣ ಮುಳ್ಳಿನ ಜಾಗ

ಮಾನ್ಯರೆ,

ಹಳೆಯ ಮಾದರಿಯ ಕೈಗಡಿಯಾರಗಳಲ್ಲಿ ಆರರ ಅಂಕಿಯ ಬಳಿ ಒಂದು ಪುಟ್ಟ ವೃತ್ತವಿರುತ್ತದೆ. ಅದರೊಳಗೆ ಕೂದಲೆಳೆಯಂಥ ಒಂದು ಮುಳ್ಳು ನಿಮಿಷಕ್ಕೊಂದು ಸುತ್ತು ಬರುತ್ತದೆ. ಈ ವೃತ್ತ ಡಯಲ್‌ನ ನಡುವಿಗೆ ಕೆಲವು ಮಿಲಿಮೀಟರ್ ಹತ್ತಿರ ಸರಿದುಬಿಟ್ಟಿದೆ ಎಂದು ಗಡಿಯಾರಪ್ರಿಯರು ಜಿನೀವಾದ ಒಂದು ಹೆಸರಾಂತ ಕಂಪನಿಯ ಮೇಲೆ ಸುಮಾರು ಹದಿನೇಳು ವರ್ಷ ತಕರಾರು ಹೇಳುತ್ತಲೇ ಬಂದರು. 2021ರಲ್ಲಿ ಆ ತಕರಾರಿಗೆ ಉತ್ತರ ಬಂತು. ಉತ್ತರ ಬಂದ ದಿನವೇ ಬೇರೆ ತಕರಾರುಗಳು ಶುರುವಾದವು. ಇವತ್ತು ನಾನು ಮಾತಾಡಬೇಕೆಂದಿರುವುದು ಈ ತಕರಾರುಗಳ ಬಗ್ಗೆ. ಹೊರಗಿನವರಿಗೆ ಇವು ಕೂದಲು ಸೀಳುವ ಮಾತುಗಳಂತೆ ಕಾಣುತ್ತವೆ. ಆದರೆ ಒಂದೊಂದನ್ನೂ ಹಿಡಿದುಕೊಂಡು ಒಳಗೆ ಹೋದರೆ ಅದು ಗಡಿಯಾರದ ಯಂತ್ರದವರೆಗೆ ನಮ್ಮನ್ನು ಕರೆದೊಯ್ಯುತ್ತದೆ ಎಂಬುದು ನನ್ನ ಅನುಭವ. ಮುಖದ ಮೇಲೆ ಕಾಣುವ ಕೊರತೆಗೆ ಕಾರಣ ಹೆಚ್ಚಿನ ಸಲ ಹೊಟ್ಟೆಯೊಳಗಿರುತ್ತದೆ.

ಆ ಕಂಪನಿ ಪಟೆಕ್ ಫಿಲಿಪ್. ಗಡಿಯಾರದ ಹೆಸರು ಕ್ಯಾಲಟ್ರಾವಾ, ಮಾದರಿ ಸಂಖ್ಯೆ 6119. ಇದು ಹೊಸ ಗಡಿಯಾರವಲ್ಲ. ಹಳೆಯ ವಂಶವೊಂದರ ಹೊಸ ಕುಡಿ. ಆದ್ದರಿಂದ ವಂಶದ ಕತೆಯನ್ನು ಮೊದಲು ಹೇಳಿಬಿಡುತ್ತೇನೆ.

1932ರಲ್ಲಿ, ಆರ್ಥಿಕ ಕುಸಿತದ ಹೊಡೆತಕ್ಕೆ ಸಿಕ್ಕಿ ನಲುಗಿದ್ದ ಪಟೆಕ್ ಫಿಲಿಪ್ ಕಂಪನಿಯನ್ನು ಸ್ಟರ್ನ್ ಮನೆತನದ ಇಬ್ಬರು ಸಹೋದರರು, ಜಾನ್ ಮತ್ತು ಶಾರ್ಲ್, ಕೊಂಡುಕೊಂಡರು. ಅದಕ್ಕೂ ಮುಂಚೆ ಅವರು ಅದೇ ಕಂಪನಿಗೆ ಡಯಲ್ ಮಾಡಿಕೊಡುತ್ತಿದ್ದವರು. ಅದೇ ವರ್ಷ 96 ಎಂಬ ಸಂಖ್ಯೆಯ ಒಂದು ಸಾದಾ ಗಡಿಯಾರ ಹೊರಬಂತು. ಅಗಲ 31 ಮಿಲಿಮೀಟರ್. ತಾರೀಕಿಲ್ಲ, ಅಲಂಕಾರವಿಲ್ಲ, ಗಾಜಿನ ಸುತ್ತ ಚಪ್ಪಟೆಯಾದ ಅಂಚು, ಕೇಸಿನಿಂದಲೇ, ಅಂದರೆ ಲೋಹದ ಹೊರಕವಚದಿಂದಲೇ, ಮೂಡಿಬಂದಂತೆ ಇಳಿದು ಬೆಲ್ಟನ್ನು ಹಿಡಿಯುವ ನಾಲ್ಕು ಕಾಲುಗಳು, ಚೂಪಾದ ಗಂಟೆ ನಿಮಿಷದ ಮುಳ್ಳುಗಳು, ಆರರ ಬಳಿ ಸಣ್ಣ ಸೆಕೆಂಡಿನ ವೃತ್ತ, ಅಷ್ಟೆ. ಡಯಲ್ ಮಾಡುವವರ ಮನೆತನ ಕಂಪನಿಗೆ ಕಾಲಿಟ್ಟ ವರ್ಷದಲ್ಲೇ ಈ ಗಡಿಯಾರ ಬಂತೆಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಯಾವ ಗೆರೆ ಎಲ್ಲಿ ನಿಲ್ಲಬೇಕು, ಎಷ್ಟು ಜಾಗ ಖಾಲಿ ಬಿಡಬೇಕು ಎಂಬ ಲೆಕ್ಕ ಕೈಯಲ್ಲಿ ಕೂತಿದ್ದವರ ಕೆಲಸದ ಗುರುತು ಅದರ ಮುಖದಲ್ಲಿದೆ. ‘ಕ್ಯಾಲಟ್ರಾವಾ’ ಎಂಬುದು ಹನ್ನೆರಡನೆಯ ಶತಮಾನದ ಸ್ಪೇನಿನ ಒಂದು ಯೋಧಪಂಥದ ಹೆಸರು. ಆ ಪಂಥದ ಶಿಲುಬೆಯ ಚಿಹ್ನೆಯನ್ನು ಕಂಪನಿ ಹತ್ತೊಂಬತ್ತನೆಯ ಶತಮಾನದಲ್ಲೇ ತನ್ನ ಗುರುತಾಗಿ ಮಾಡಿಕೊಂಡಿತ್ತು. ಗಡಿಯಾರಕ್ಕೆ ಈ ಹೆಸರು ಅಂಟಿಕೊಂಡದ್ದು ಆಮೇಲೆ.

ಇಂಥ ಗಡಿಯಾರಗಳನ್ನು ಡ್ರೆಸ್ ವಾಚ್ ಎನ್ನುತ್ತಾರೆ. ಪದ ಇಂಗ್ಲಿಷಿನದಾದರೂ ಕಲ್ಪನೆ ನಮಗೆ ಪರಕೀಯವಲ್ಲ. ದಿನಬಳಕೆಗೊಂದು, ಮದುವೆ ಮುಂಜಿಗೊಂದು ಎಂದು ಎರಡು ವಾಚು ಇಟ್ಟುಕೊಳ್ಳುತ್ತಿದ್ದ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ಆ ಎರಡನೆಯದು ತೆಳ್ಳಗಿರಬೇಕು, ತೋಳಿನ ಗುಂಡಿ ಹಾಕಿದರೆ ಅಂಗಿಯೊಳಕ್ಕೆ ಜಾರಬೇಕು, ಚರ್ಮದ ಬೆಲ್ಟಿರಬೇಕು, ಹೊತ್ತು ಹೇಳುವುದರ ಹೊರತು ಇನ್ನಾವ ಕೆಲಸವನ್ನೂ ಮೈಮೇಲೆ ಹಾಕಿಕೊಳ್ಳಬಾರದು. ಇಷ್ಟು ಕಡಿಮೆ ಸಾಮಗ್ರಿಯಿರುವ ವಸ್ತುವಿನಲ್ಲಿ ತಪ್ಪು ಅಡಗಿಕೊಳ್ಳಲು ಜಾಗವಿರುವುದಿಲ್ಲ. ಮುಳುಗುಗಾರರ ಗಡಿಯಾರದಲ್ಲೋ ಓಟದ ಸಮಯ ಅಳೆಯುವ ಗಡಿಯಾರದಲ್ಲೋ ಮೂರು ನಾಲ್ಕು ವೃತ್ತಗಳು, ಬಣ್ಣಗಳು, ಗುಂಡಿಗಳು ಕಣ್ಣನ್ನು ಅತ್ತಿತ್ತ ಎಳೆದಾಡುತ್ತವೆ. ಇಲ್ಲಿ ಹಾಗಲ್ಲ. ಮುಳ್ಳು ಗೆರೆಗೆ ಮುಟ್ಟದೆ ಮೋಟಾಗಿದ್ದರೆ ಅಷ್ಟು ದೂರದಿಂದಲೇ ಕಾಣುತ್ತದೆ.

96ರ ಸಂತತಿಯಲ್ಲಿ ಒಂದು ಕವಲಿಗೆ ಅಂಚಿನ ಮೇಲೆ ಕೆತ್ತನೆಯಿದೆ. ‘ಕ್ಲೂ ದ ಪಾರಿ’, ಅಂದರೆ ಪ್ಯಾರಿಸ್ ಮೊಳೆಗಳು, ಎಂದು ಆ ಕೆತ್ತನೆಯ ಹೆಸರು. ಮಿತ್ರರೊಬ್ಬರ ಮನೆಯಲ್ಲಿ ಈ ಕವಲಿನ 3919 ಎಂಬ ಗಡಿಯಾರವನ್ನು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಬರಿಗಣ್ಣಿಗೆ ಅಂಚು ಮಿರಮಿರ ಮಿನುಗುತ್ತದೆ, ಅಷ್ಟೆ. ಗಾಜಿನಲ್ಲಿ ನೋಡಿದಾಗ ಎರಡು ಸಾಲು ಪುಟ್ಟ ಪಿರಮಿಡ್‌ಗಳು ಒಂದಕ್ಕೊಂದು ಭುಜ ತಾಗಿಸಿ ನಿಂತು ವೃತ್ತವನ್ನು ಸುತ್ತುವರಿದಿದ್ದವು. ಪ್ರತಿಯೊಂದಕ್ಕೂ ನಾಲ್ಕು ಮೈ, ಒಂದು ತುದಿ. ನಾಲ್ಕರಲ್ಲಿ ಒಂದು ಮೈ ಬೆಳಕು ಹಿಡಿದಿದ್ದರೆ ಎದುರಿನದು ಕಪ್ಪಾಗಿತ್ತು. ಮಣಿಕಟ್ಟನ್ನು ಕೊಂಚ ಹೊರಳಿಸಿದೊಡನೆ ಬೆಳಕು ಕತ್ತಲೆಗಳು ಸಾಲಾಗಿ ಜಾಗ ಬದಲಿಸಿದವು. ಉಜ್ಜಿ ಉಜ್ಜಿ ಹೊಳಪು ಕೊಟ್ಟ ಹಳೆಯ ಗಡಿಯಾರಗಳಲ್ಲಿ ಈ ತುದಿಗಳು ಸವೆದು ಮೊಂಡಾಗಿರುತ್ತವೆ ಎಂದು ಮಿತ್ರರು ಹೇಳಿದರು. ಹಾಗಾಗಿ ಬಲ್ಲವರು ಮೊದಲು ನೋಡುವುದು ಡಯಲನ್ನಲ್ಲ, ಈ ಮೊಳೆಗಳ ತುದಿಯನ್ನು.

ಈ ಕವಲಿನಲ್ಲಿ 1970ರ ದಶಕದ 3520 ಬಂತು. 1985ರಲ್ಲಿ 3919, 2006ರಲ್ಲಿ 5119. ಇವುಗಳಲ್ಲಿ ಜನಮನದಲ್ಲಿ ಉಳಿದದ್ದು 3919. ಬಿಳಿಯ ಡಯಲ್, ಸಪೂರವಾದ ಕಪ್ಪು ರೋಮನ್ ಅಂಕಿಗಳು, ಎಲೆಯಂಥ ತೆಳು ಮುಳ್ಳುಗಳು, 33 ಮಿಲಿಮೀಟರಿನ ಆಸುಪಾಸಿನ ಕೇಸು. ಕಂಪನಿಯ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡು, ಅದು ‘ಬ್ಯಾಂಕರುಗಳ ವಾಚು’ ಎಂದೇ ಹೆಸರಾಯಿತು. 5119 ಅದೇ ಮುಖವನ್ನು 36 ಮಿಲಿಮೀಟರಿಗೆ ಹಿಗ್ಗಿಸಿತು.

ತಕರಾರಿನ ಬೀಜ ಇರುವುದು ಈ ಹಿಗ್ಗಿಸುವಿಕೆಯಲ್ಲಿ. ಇದನ್ನು ವಿವರಿಸಲು ಗಡಿಯಾರದ ಬೆನ್ನು ಬಿಚ್ಚಬೇಕು. ನನಗೆ ಈ ಪಾಠ ಸಿಕ್ಕಿದ್ದು ಪಟೆಕ್ ಫಿಲಿಪ್‌ನಿಂದಲ್ಲ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮ ಎಚ್‌ಎಂಟಿಯ ಒಂದು ಕೀ ಕೊಡುವ ವಾಚಿನಿಂದ. ರಿಪೇರಿ ಅಂಗಡಿಯ ಮೇಜಿನ ಮೇಲೆ ಅದನ್ನು ಬಿಚ್ಚಿಟ್ಟಾಗ ಅಂಗಡಿಯವರು ಒಂದೊಂದು ಚಕ್ರವನ್ನೂ ಚಿಮುಟದಲ್ಲಿ ತೋರಿಸುತ್ತ ಹೋದರು. ರಿಪೇರಿಯವರ ಬಾಯಲ್ಲಿ ಒಳಗಿನ ಯಂತ್ರಕ್ಕೆ ‘ಮಿಷನ್’ ಎಂದೇ ಹೆಸರು. ನಾನೂ ಹಾಗೆಯೇ ಕರೆಯುತ್ತೇನೆ. ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗು ಒಂದು ಡಬ್ಬಿಯೊಳಗಿರುತ್ತದೆ, ಅದು ಬ್ಯಾರೆಲ್. ಅಲ್ಲಿಂದ ಹೊರಟ ಬಲ ಒಂದರ ಹಿಂದೆ ಒಂದರಂತೆ ಹಲ್ಲಿನ ಚಕ್ರಗಳನ್ನು ದಾಟಿ, ಕೊನೆಗೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರವನ್ನು ಮುಟ್ಟುತ್ತದೆ. ಈ ಸಾಲಿನಲ್ಲಿ ನಾಲ್ಕನೆಯದೆಂದು ಕರೆಯುವ ಚಕ್ರ ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ತಿರುಗುತ್ತದೆ. ಸಣ್ಣ ಸೆಕೆಂಡಿನ ಗಡಿಯಾರದಲ್ಲಿ ಆ ನಾಲ್ಕನೆಯ ಚಕ್ರದ ಅಚ್ಚನ್ನೇ ಡಯಲಿನ ಆಚೆಗೆ ಚಾಚಿ, ತುದಿಗೆ ಮುಳ್ಳು ಕೂರಿಸಿರುತ್ತಾರೆ. ಅಂದರೆ ಸೆಕೆಂಡಿನ ಮುಳ್ಳು ಎಲ್ಲಿರಬೇಕೆಂದು ಡಯಲ್ ಬರೆಯುವವನು ತೀರ್ಮಾನಿಸುವುದಿಲ್ಲ. ಮಿಷನ್‌ನಲ್ಲಿ ನಾಲ್ಕನೆಯ ಚಕ್ರ ಎಲ್ಲಿ ಕೂತಿದೆಯೋ ಅದೇ ಮುಳ್ಳಿನ ಜಾಗ.

ಈಗ ಲೆಕ್ಕ ಹಾಕಿ. 3919, 5119 ಎರಡರಲ್ಲೂ ಇದ್ದದ್ದು 215 ಪಿಎಸ್ ಎಂಬ ಒಂದೇ ಮಿಷನ್. ಅದರ ಅಗಲ 21.9 ಮಿಲಿಮೀಟರ್. ಎಂದರೆ ನಡುವಿನಿಂದ ಅಂಚಿಗೆ ಹನ್ನೊಂದು ಮಿಲಿಮೀಟರಿಗೂ ಕಡಿಮೆ. ನಾಲ್ಕನೆಯ ಚಕ್ರದ ಅಚ್ಚು ಆ ಅಂಚಿಗಿಂತಲೂ ಸಾಕಷ್ಟು ಒಳಗೆ ಇರಲೇಬೇಕು. 33 ಮಿಲಿಮೀಟರಿನ ಕೇಸಿನಲ್ಲಿ ಇದು ತೊಂದರೆಯಾಗಲಿಲ್ಲ; ಅಂಚಿನ ಕೆತ್ತನೆಗೆ ಹೋದ ಜಾಗ ಕಳೆದರೆ ಡಯಲ್ಲೇ ಚಿಕ್ಕದು, ಸಣ್ಣ ವೃತ್ತ ಆರರ ಅಂಕಿಯ ಬಳಿ ನೆಮ್ಮದಿಯಾಗಿ ಕೂತಿತ್ತು. ಕೇಸು ದೊಡ್ಡದಾಗುತ್ತ ಹೋದಂತೆ ಮಿಷನ್ ಮಾತ್ರ ಹಳೆಯದೇ ಉಳಿಯಿತು. ಮನೆಯನ್ನು ನಾಲ್ಕೂ ಕಡೆ ವಿಸ್ತರಿಸಿ, ದೇವರ ಕೋಣೆಯನ್ನು ಮಾತ್ರ ಇದ್ದಲ್ಲೇ ಬಿಟ್ಟರೆ ಅದು ನಡುಮನೆಯಲ್ಲಿ ನಿಂತಂತೆ ಕಾಣುವುದಿಲ್ಲವೇ, ಹಾಗೆ ಸೆಕೆಂಡಿನ ವೃತ್ತ ಡಯಲಿನ ನಡುವಿಗೆ ಅಂಟಿಕೊಂಡಿತು. 96ರ ನೇರ ವಾರಸುದಾರನೆಂದು 2004ರಲ್ಲಿ ಬಂದ 37 ಮಿಲಿಮೀಟರಿನ 5196ರಲ್ಲಿ ಇದು ಎದ್ದು ಕಂಡಿತು. ನಾನು ಮೊದಲಲ್ಲಿ ಹೇಳಿದ ಹದಿನೇಳು ವರ್ಷದ ತಕರಾರು ಶುರುವಾದದ್ದು ಅಲ್ಲಿ. ಕಂಪನಿಯ ಅಭಿಮಾನಿಗಳೇ, ಅದನ್ನು ಕೊಂಡು ಕಟ್ಟಿಕೊಂಡವರೇ, ಇಷ್ಟು ಹಣ ಕೊಟ್ಟ ಗಡಿಯಾರದಲ್ಲಿ ದೊಡ್ಡ ಕೇಸಿಗೆ ಸಣ್ಣ ಮಿಷನ್ ಹಾಕಿದ್ದಾರೆಂಬುದು ಮುಖದ ಮೇಲೇ ಬರೆದಂತಿದೆ ಎಂದರು. ಆ ಮಾತು ನ್ಯಾಯವಾದದ್ದು. ಕಣ್ಣಿಗೆ ಹಿತವಾಗಿಲ್ಲ ಎಂಬುದಷ್ಟೇ ಅವರ ದೂರಾಗಿರಲಿಲ್ಲ. ಒಳಗೂ ಹೊರಗೂ ಒಂದಕ್ಕೊಂದು ಹೊಂದುತ್ತಿಲ್ಲ ಎಂಬ ದೂರು ಅದು.

2021ರ ವಸಂತದಲ್ಲಿ 6119 ಬಂತು. ಸಾಂಕ್ರಾಮಿಕದ ಕಾಲವಾದ್ದರಿಂದ ಆ ವರ್ಷ ಜಿನೀವಾದ ಗಡಿಯಾರ ಮೇಳ ಪರದೆಯ ಮೇಲೆ ನಡೆಯಿತು. ಜಗತ್ತಿನ ಅಭಿಮಾನಿಗಳೆಲ್ಲ ಅದನ್ನು ಮೊದಲು ಕಂಡದ್ದು ಚಿತ್ರದಲ್ಲಿ. ಕೇಸಿನ ಅಗಲ 39 ಮಿಲಿಮೀಟರ್, ದಪ್ಪ 8.1ರ ಹತ್ತಿರ. ಅಂಚಿನಲ್ಲಿ ಅದೇ ಪ್ಯಾರಿಸ್ ಮೊಳೆಗಳು. ರೋಮನ್ ಅಂಕಿಗಳು ಹೋಗಿ, ಅವುಗಳ ಜಾಗದಲ್ಲಿ ಹಲವು ಮೈಗಳಾಗಿ ಕಡೆದ ಚಿನ್ನದ ಗುರುತುಗಳು ಬಂದಿದ್ದವು. ಕೆಂಪು ಛಾಯೆಯ ಚಿನ್ನದಲ್ಲಿ ಬೆಳ್ಳಿಬಣ್ಣದ ಮರಳುಮರಳಾದ ಡಯಲ್ಲಿನ ಒಂದು, ಬಿಳಿಚಿನ್ನದಲ್ಲಿ ಇದ್ದಿಲುಬಣ್ಣದ ಡಯಲ್ಲಿನ ಇನ್ನೊಂದು. ಆದರೆ ಬಲ್ಲವರ ಕಣ್ಣು ಮೊದಲು ಹೋದದ್ದು ಆರರ ಕಡೆಗೆ. ಸಣ್ಣ ವೃತ್ತ ಕೆಳಗಿಳಿದು ತನ್ನ ಜಾಗದಲ್ಲಿ ಕೂತಿತ್ತು.

ಕಾರಣ, ಒಳಗೆ ಹೊಸ ಮಿಷನ್ ಇತ್ತು. 30-255 ಪಿಎಸ್ ಎಂದು ಅದರ ಹೆಸರು. ಅಗಲ 31 ಮಿಲಿಮೀಟರ್, ದಪ್ಪ 2.55. ಈ ಎರಡನೆಯ ಅಂಕಿಯನ್ನು ದಯವಿಟ್ಟು ಗಮನಿಸಿ. ಹಳೆಯ 215 ಪಿಎಸ್‌ನ ದಪ್ಪವೂ 2.55 ಮಿಲಿಮೀಟರೇ. ಹೊಸದು ಇಡ್ಲಿಯಂತೆ ಉಬ್ಬಲಿಲ್ಲ, ದೋಸೆಯಂತೆ ಹರಡಿಕೊಂಡಿತು. ಹರಡಿದ ಜಾಗದಲ್ಲಿ ಒಂದಕ್ಕೆ ಎರಡು ಬ್ಯಾರೆಲ್‌ಗಳನ್ನು ಅಕ್ಕಪಕ್ಕ ಕೂರಿಸಿದರು. ಎರಡೂ ಒಟ್ಟಿಗೆ ಬಲ ಕೊಡುವುದರಿಂದ ಹೆಚ್ಚು ಭಾರ ಹೊತ್ತ ಬ್ಯಾಲೆನ್ಸ್ ಚಕ್ರವನ್ನು ಓಡಿಸಬಹುದು. ಅಂಥ ಚಕ್ರ ಕೈ ಅಲುಗಾಟಕ್ಕೆ ಸುಲಭವಾಗಿ ಜಗ್ಗುವುದಿಲ್ಲ, ಹೊತ್ತು ಹೆಚ್ಚು ಸ್ಥಿರವಾಗಿರುತ್ತದೆ. ಒಮ್ಮೆ ಪೂರ್ತಿ ಕೀ ಕೊಟ್ಟರೆ 65 ಗಂಟೆ ನಡೆಯುತ್ತದೆ. ಹಳೆಯದು 44 ಗಂಟೆಯ ಒಳಗೆ ನಿಲ್ಲುತ್ತಿತ್ತು. ಶುಕ್ರವಾರ ಸಂಜೆ ಬಿಚ್ಚಿಟ್ಟ ಗಡಿಯಾರ ಸೋಮವಾರ ಬೆಳಿಗ್ಗೆ ಕೈಗೆತ್ತಿಕೊಂಡಾಗ ಇನ್ನೂ ನಡೆಯುತ್ತಿರುತ್ತದೆ ಎಂದರೆ ಕೀ ಕೊಡುವ ವಾಚಿನೊಂದಿಗೆ ಬಾಳಿದವರಿಗೆ ಅದರ ಬೆಲೆ ತಿಳಿಯುತ್ತದೆ.

ಇನ್ನೊಂದು ಬದಲಾವಣೆಯನ್ನು ಹೆಚ್ಚು ಜನ ಎತ್ತಿ ಆಡಲಿಲ್ಲ, ಆದರೆ ನನಗೆ ಅದು ಬಹಳ ಮುಖ್ಯ. ಕಿರೀಟವನ್ನು, ಅಂದರೆ ಕೀ ಕೊಡುವ ಪಕ್ಕದ ಗುಂಡಿಯನ್ನು, ಹೊರಗೆಳೆದರೆ ಈ ಹೊಸ ಮಿಷನ್‌ನಲ್ಲಿ ಸೆಕೆಂಡಿನ ಮುಳ್ಳು ನಿಲ್ಲುತ್ತದೆ. ಹಳೆಯದರಲ್ಲಿ ನಿಲ್ಲುತ್ತಿರಲಿಲ್ಲ. ಆಕಾಶವಾಣಿಯ ವಾರ್ತೆಗೆ ಮುಂಚೆ ಬರುತ್ತಿದ್ದ ಪೀಪ್ ಸದ್ದಿಗೆ ವಾಚು ಸರಿಮಾಡಿಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದವನು ನಾನು. ನಮ್ಮ ತಂದೆ ಕೊನೆಯ ಪೀಪ್ ಕೇಳುವವರೆಗೆ ಉಸಿರು ಬಿಗಿಹಿಡಿದು, ಕಿರೀಟವನ್ನು ಒಳಕ್ಕೆ ಒತ್ತುತ್ತಿದ್ದರು. ಗಂಟೆ ನಿಮಿಷಗಳು ಸರಿಯಾಗುತ್ತಿದ್ದವು. ಸೆಕೆಂಡಿನ ಮುಳ್ಳು ಮಾತ್ರ ತನ್ನ ಪಾಡಿಗೆ ಎಲ್ಲೋ ಓಡುತ್ತಿರುತ್ತಿತ್ತು. ಆ ಮುಳ್ಳನ್ನೂ ನಿಲ್ಲಿಸಿ ಹೊರಡಿಸಬಹುದಾದ ಗಡಿಯಾರಕ್ಕೂ ನಿಲ್ಲಿಸಲಾಗದ ಗಡಿಯಾರಕ್ಕೂ ಇರುವ ಅಂತರವನ್ನು ನಾನು ಅಲ್ಲಿ ಕಲಿತೆ.

ಇಷ್ಟಾದ ಮೇಲೆ ಅಭಿಮಾನಿಗಳು ಸಂತೋಷಪಟ್ಟರೆ? ಪಟ್ಟರು, ಆದರೆ ಒಟ್ಟಾಗಿ ಅಲ್ಲ. ದೊಡ್ಡ ದೂರು 39 ಮಿಲಿಮೀಟರಿನದು. ಡ್ರೆಸ್ ವಾಚು ಅಂಗಿಯ ತೋಳಿನೊಳಗೆ ಇರುವುದೇ ತಿಳಿಯಬಾರದು. 31ರಲ್ಲಿ ಹುಟ್ಟಿ 33ರಲ್ಲಿ ಹೆಸರು ಮಾಡಿದ ಗಡಿಯಾರವನ್ನು 39ಕ್ಕೆ ತಂದರೆ ಅದು ಅದೇ ಗಡಿಯಾರವಾಗಿ ಹೇಗೆ ಉಳಿಯುತ್ತದೆ ಎಂದು ಕೇಳಿದರು. ಅದಕ್ಕೆ ಉತ್ತರವಾಗಿ ಕೈಗೆ ಕಟ್ಟಿ ನೋಡಿದವರು, ಅಂಚಿನ ಕೆತ್ತನೆ ಅಗಲವಾದ್ದರಿಂದ ಡಯಲ್ ಕಿರಿದಾಗಿ ಕಾಣುತ್ತದೆ, ಸಂಖ್ಯೆ ಹೇಳುವಷ್ಟು ದೊಡ್ಡದೆಂದು ಅನ್ನಿಸುವುದಿಲ್ಲ ಎಂದರು. ನಾನು ಮಿತ್ರರ ಕೃಪೆಯಿಂದ ಅದನ್ನು ಒಂದು ಸಂಜೆ ಕಟ್ಟಿಕೊಂಡಿದ್ದೇನೆ. ಎರಡನೆಯವರ ಮಾತು ಬಹುಮಟ್ಟಿಗೆ ನಿಜ. ಕಾಲುಗಳು ಬಾಗಿ ಇಳಿಯುವುದರಿಂದ ಗಡಿಯಾರ ಮಣಿಕಟ್ಟನ್ನು ತಬ್ಬಿ ಕೂರುತ್ತದೆ. ಆದರೂ ನನ್ನ ಮನಸ್ಸು ಮೊದಲನೆಯವರ ಕಡೆಗೇ ವಾಲುತ್ತದೆ, ಮತ್ತು ಅದಕ್ಕೆ ಕಾರಣವೂ ಮಿಷನ್‌ನಲ್ಲಿದೆ. 31 ಮಿಲಿಮೀಟರಿನ ಮಿಷನ್ 36 ಅಥವಾ 37ರ ಕೇಸಿನಲ್ಲಿ ಧಾರಾಳವಾಗಿ ಕೂರುತ್ತದೆ. ಸೆಕೆಂಡಿನ ವೃತ್ತ ಜಾಗ ತಪ್ಪಿದ್ದು ಯಂತ್ರದ ಕಟ್ಟುಪಾಡಿನಿಂದ. 39 ಎಂಬ ಅಳತೆಗೆ ಅಂಥ ಕಟ್ಟುಪಾಡು ಯಾವುದೂ ಇರಲಿಲ್ಲ. ಅದು ಕಂಪನಿಯ ಆಯ್ಕೆ. ಆಯ್ಕೆಯನ್ನು ಪ್ರಶ್ನಿಸುವ ಹಕ್ಕು ಅಭಿಮಾನಿಗೆ ಪೂರ್ತಿಯಾಗಿ ಇದೆ.

ಎರಡನೆಯ ದೂರು ರೋಮನ್ ಅಂಕಿಗಳದು. ಇಲ್ಲಿ ನನ್ನ ಸಂಕಟವನ್ನು ಮುಚ್ಚಿಡಲಾರೆ. 3919ರ ಮುಖದಲ್ಲಿ ಆ ಅಂಕಿಗಳ ಸಪೂರ ಕಡ್ಡಿಗಳೂ ಅಂಚಿನ ಮೊಳೆಗಳೂ ಒಂದಕ್ಕೊಂದು ಮಾತಾಡುತ್ತಿದ್ದವು. ಒಳಗೆ ಗೆರೆ, ಹೊರಗೆ ಚುಕ್ಕಿ. ಹೊಸದರ ಗುರುತುಗಳು ಚಂದವೇ. ಅವುಗಳ ಮೈ ಬೆಳಕು ಹಿಡಿಯುತ್ತದೆ, ಅಂಚಿನ ಮೊಳೆಗಳೂ ಬೆಳಕು ಹಿಡಿಯುತ್ತವೆ. ಎರಡೂ ಒಂದೇ ಕೆಲಸ ಮಾಡುವುದರಿಂದ ಕಣ್ಣಿಗೆ ವಿರಾಮ ಸಿಗುವುದಿಲ್ಲ. ಆದರೆ ಇದಕ್ಕೆ ವಿರುದ್ಧವಾಗಿ ವಾದಿಸಿದವರು ಒಂದು ಗಟ್ಟಿ ಮಾತು ಹೇಳಿದರು: ಇಂಥ ಕಡೆದ ಗುರುತುಗಳೂ ಚೂಪು ಮುಳ್ಳುಗಳೂ 1930ರ ದಶಕದ 96ರಲ್ಲೇ ಇದ್ದವು, ಹಾಗಾಗಿ ಕಂಪನಿ ಪರಂಪರೆಯನ್ನು ಬಿಟ್ಟುಕೊಟ್ಟಿಲ್ಲ, ತಂದೆಯನ್ನು ದಾಟಿ ಅಜ್ಜನ ಬಳಿಗೆ ಹೋಗಿದೆ. ಈ ವಾದವನ್ನು ನಾನು ತಳ್ಳಿಹಾಕಲಾರೆ. ಹಳೆಯದನ್ನು ಮತ್ತೆ ತರುತ್ತೇವೆ ಎಂದವರನ್ನು, ಯಾವ ಹಳೆಯದನ್ನು ಎಂದು ಕೇಳಲೇಬೇಕಾಗುತ್ತದೆ. 1985ರಲ್ಲಿ ಯೌವನದಲ್ಲಿದ್ದವರಿಗೆ 3919ರ ಮುಖವೇ ಮೂಲ; ಹರಾಜಿನ ಪಟ್ಟಿಗಳನ್ನು ಓದಿ ಬೆಳೆದ ಇಂದಿನ ಕಿರಿಯರಿಗೆ 96 ಮೂಲ. ಎರಡು ಪೀಳಿಗೆಗಳು ಎರಡು ಮೂಲಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೇ ಗಡಿಯಾರವನ್ನು ನೋಡುತ್ತಿದ್ದವು.

ಇದ್ದಿಲುಬಣ್ಣದ ಡಯಲ್ ಬಗ್ಗೆ ನಡೆದ ಚರ್ಚೆಯಲ್ಲಿ ನನಗೆ ಹೆಚ್ಚು ಹೇಳುವುದೇನೂ ಇಲ್ಲ. ಮೇಲಿಂದ ಕೆಳಕ್ಕೆ ಎಳೆದ ನವಿರು ಗೀರುಗಳಿರುವ ಆ ಡಯಲ್ ಸಂಜೆಯ ದೀಪಕ್ಕೆ ಬಹಳ ಸೊಗಸಾಗಿ ತೋರುತ್ತದೆ. ಅದು ಕಿರಿಯರಿಗೆ ಹೆಚ್ಚು ಇಷ್ಟವಾಯಿತು.

ಜಪಾನಿನ ಒಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಅನ್ನಿಸುತ್ತದೆ. ಈ ತಕರಾರುಗಳು ಲಕ್ಷಗಟ್ಟಲೆ ಬೆಲೆಯ ಗಡಿಯಾರಗಳಿಗೆ ಮಾತ್ರ ಸೇರಿದವೆಂದು ಯಾರೂ ತಿಳಿಯಬಾರದು. 1965ರಲ್ಲಿ ಸೀಕೊ ಸಂಸ್ಥೆ ಕಿಂಗ್ ಸೀಕೊ ಕೆಎಸ್‌ಕೆ ಎಂಬ ಕೀ ಕೊಡುವ ಗಡಿಯಾರ ಮಾಡಿತ್ತು. ಅಗಲ 36.7 ಮಿಲಿಮೀಟರ್, ಕಾಲುಗಳು ಕೊಡಲಿಯಲ್ಲಿ ಕಡಿದಂತೆ ಚೂಪು, ತಾರೀಕಿನ ಕಿಟಕಿ ಇಲ್ಲ. ಹೆಸರಿನ ಕೊನೆಯ ‘ಕೆ’ ಅಕ್ಷರ, ನಾನು ಆಗ ಹೇಳಿದ ಆ ಸೆಕೆಂಡಿನ ಮುಳ್ಳು ನಿಲ್ಲಿಸಿ ಹೊಂದಿಸುವ ಸೌಕರ್ಯವನ್ನೇ ಜಪಾನಿ ಮಾತಿನಲ್ಲಿ ಸೂಚಿಸುತ್ತದೆ. 2021ರಲ್ಲಿ, ಕಂಪನಿಯ 140ನೆಯ ವರ್ಷದ ನೆನಪಿಗೆ, ಇದನ್ನು 38.1 ಮಿಲಿಮೀಟರಿನಲ್ಲಿ ಮರಳಿ ತಂದರು; ಮಾಡಿದ್ದು 3,000 ಮಾತ್ರ. ಕಾಲುಗಳ ಕಡಿತ, ಹನ್ನೆರಡರ ಗುರುತಿನ ಮೇಲಿನ ಸೂಕ್ಷ್ಮ ಗೀರುಗಳು ಎಲ್ಲವನ್ನೂ ಅಕ್ಕರೆಯಿಂದ ಮರುಸೃಷ್ಟಿಸಿದ್ದರು. ಆದರೆ ಮೂರರ ಜಾಗದಲ್ಲಿ ತಾರೀಕಿನ ಕಿಟಕಿ ತೆರೆದಿತ್ತು. ಅಭಿಮಾನಿಗಳ ಎದೆಗೆ ಚುಚ್ಚಿದ್ದು ಆ ಕಿಟಕಿ. ಅಲ್ಲಿಯೂ ಕಾರಣ ಒಳಗಿನದೇ: ಹಾಕಿದ ಮಿಷನ್ ತಾರೀಕು ತೋರಿಸುವ, ತಾನೇ ಕೀ ಸುತ್ತಿಕೊಳ್ಳುವ 6ಎಲ್35. ಮುಖ ಮಾತ್ರ 1965ರದು.

ಮರುವರ್ಷ ಸೀಕೊ 37 ಮಿಲಿಮೀಟರಿನಲ್ಲಿ, ತಾರೀಕಿಲ್ಲದೆ, ಬೆಲೆಯನ್ನೂ ಬಹಳ ಇಳಿಸಿ, ಕಿಂಗ್ ಸೀಕೊ ಹೆಸರಿನ ಒಂದು ಸಾಲನ್ನೇ ಹೊರತಂದಿತು. ಕಿಟಕಿಯ ದೂರು ತೀರಿತು. ಆಗ ಜನ ಒಳಗಿನ 6ಆರ್31 ಮಿಷನ್ ಕಡೆ ತಿರುಗಿದರು. ದಿನಕ್ಕೆ 25 ಸೆಕೆಂಡ್ ಮುಂದೆ ಅಥವಾ 15 ಸೆಕೆಂಡ್ ಹಿಂದೆ ಹೋದರೂ ಅದು ಕಂಪನಿಯ ಲೆಕ್ಕದಲ್ಲಿ ಸರಿಯೇ. ಸೆಕೆಂಡನ್ನು ನಿಖರವಾಗಿ ಹೊಂದಿಸುವುದನ್ನೇ ಹೆಸರಿನಲ್ಲಿ ಹೊತ್ತ ಗಡಿಯಾರದ ವಾರಸುದಾರನಿಗೆ ಇದು ಒಪ್ಪುವ ಮಾತೇ ಎಂದು ಕೇಳಿದವರನ್ನು ನಾನು ಬರಿಯ ದೋಷ ಹುಡುಕುವವರೆಂದು ಕರೆಯಲು ಒಪ್ಪುವುದಿಲ್ಲ. ಆ ಹೆಸರನ್ನು ಅವರು ಅರ್ಥ ತಿಳಿದು ಓದಿದ್ದರು.

ನಮ್ಮ ಎಚ್‌ಎಂಟಿ ವಾಚುಗಳ ವಿಷಯಕ್ಕೆ ಒಂದು ನಿಮಿಷ ಬರುತ್ತೇನೆ, ಏಕೆಂದರೆ ಹೊಸತಾಗಿಸುವುದೆಂದರೇನು ಎಂಬ ಪ್ರಶ್ನೆ ನನಗೆ ಮೊದಲು ನೋವು ಕೊಟ್ಟದ್ದು ಅಲ್ಲಿ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಹಳೆಯ ವಾಚುಗಳಿಗೆ ಬೇಡಿಕೆ ಏರಿತು. ಆ ಹೊತ್ತಿನಲ್ಲಿ ತಂದೆಯವರ ವಾಚನ್ನು ಎಣ್ಣೆ ಹಾಕಿಸಲೆಂದು ಒಂದು ಅಂಗಡಿಗೆ ಕೊಟ್ಟಿದ್ದೆ. ಮರಳಿ ಬಂದಾಗ ಅದು ಬಹಳ ಚೆನ್ನಾಗಿ ನಡೆಯುತ್ತಿತ್ತು, ಆದರೆ ಡಯಲ್‌ಗೆ ಹೊಸ ಬಣ್ಣ ಬಳಿದು ಅಕ್ಷರಗಳನ್ನು ಮತ್ತೆ ಅಚ್ಚು ಹಾಕಿದ್ದರು. ದೇವನಾಗರಿಯ ‘ಜನತಾ’ ಎಂಬ ಅಕ್ಷರಗಳ ತಲೆಗಟ್ಟು ದಪ್ಪವಾಗಿತ್ತು. ನಿಮಿಷದ ಗೆರೆಗಳು ಒಂದಕ್ಕೊಂದು ಸಮದೂರದಲ್ಲಿರಲಿಲ್ಲ. ಕೆನೆಗಟ್ಟಿದಂತೆ ಹಳದಿಯಾಗಿದ್ದ ಆ ಹಳೆಯ ಡಯಲನ್ನು ನಾನು ಬಾಲ್ಯದಿಂದ ನೋಡಿದ್ದೆ. ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು, ಹೆಚ್ಚಿಗೆ ಹಣವನ್ನೂ ಕೇಳಲಿಲ್ಲ. ಮಿಷನ್ ಹಳೆಯದಾಗಿಯೇ ಉಳಿದು ಮುಖ ಹೊಸದಾದ ಆ ವಾಚನ್ನು ಇವತ್ತಿಗೂ ಕಟ್ಟಿಕೊಳ್ಳುತ್ತೇನೆ, ಆದರೆ ಹೊತ್ತು ನೋಡಿದಾಗಲೆಲ್ಲ ಕಣ್ಣು ಆ ಅಕ್ಷರಗಳ ಮೇಲೆ ಎಡವುತ್ತದೆ. 6119ರಲ್ಲಿ ಆದದ್ದು ಇದಕ್ಕೆ ತಿರುವುಮುರುವು: ಮುಖದಲ್ಲಿ ವಂಶದ ಕಳೆ ಉಳಿಸಿಕೊಂಡು ಮಿಷನ್ ಹೊಸದಾಯಿತು. ಇವೆರಡನ್ನೂ ಒಂದೇ ‘ಮರುಹುಟ್ಟು’ ಎಂಬ ಮಾತಿನಲ್ಲಿ ಕರೆಯುವುದು ನನಗೆ ಸರಿಯೆನಿಸುವುದಿಲ್ಲ. ಮರಳಿ ತಂದ ಗಡಿಯಾರವನ್ನು ತೂಗುವಾಗ ಯಾವುದನ್ನು ಬದಲಿಸಿದರು ಎನ್ನುವುದಕ್ಕಿಂತ, ಬದಲಾದ ಭಾಗ ಉಳಿದ ಭಾಗದೊಂದಿಗೆ ಕೂಡಿ ಬಾಳುತ್ತದೆಯೇ ಎಂದು ನೋಡುವುದು ನನ್ನ ಕ್ರಮ. ಆ ತೂಕದಲ್ಲಿ 39 ಮಿಲಿಮೀಟರಿನ ಕೊರತೆಯೂ ರೋಮನ್ ಅಂಕಿಗಳ ಕೊರತೆಯೂ ಇದ್ದೂ 6119 ಗೆಲ್ಲುತ್ತದೆ. 2021ರ ಕಿಂಗ್ ಸೀಕೊ ಅಷ್ಟು ಚಂದದ ಕೇಸನ್ನು ಹೊತ್ತೂ ಆ ಕಿಟಕಿಯ ಬಳಿ ಸೋಲುತ್ತದೆ.

ಕತೆ ಅಲ್ಲಿಗೆ ನಿಲ್ಲಲಿಲ್ಲ. ಕೆತ್ತನೆಯಿಲ್ಲದ ಚಪ್ಪಟೆ ಅಂಚಿನ ಕವಲಿನಲ್ಲಿ, ಅಂದರೆ 96, 5196ರ ನೇರ ಸಾಲಿನಲ್ಲಿ, 2025ರಲ್ಲಿ 6196 ಬಂತು. ಪ್ಲಾಟಿನಂ ಕೇಸು, ಗುಲಾಬಿ ಛಾಯೆಯ ಡಯಲ್, ಒಳಗೆ ಅದೇ 30-255 ಪಿಎಸ್. ಅಗಲ 38 ಮಿಲಿಮೀಟರ್. 39 ಹೆಚ್ಚಾಯಿತೆಂದು ನಾಲ್ಕು ವರ್ಷ ಹೇಳಿದವರಿಗೆ ಒಂದು ಮಿಲಿಮೀಟರ್ ಸಿಕ್ಕಿತು. ಆದರೆ ದಪ್ಪ 9.33ಕ್ಕೆ ಏರಿತ್ತು. ಮಿಷನ್ ಅದೇ 2.55 ಆಗಿರುವಾಗ, 6119ರಲ್ಲಿ 8.1ರ ಹತ್ತಿರ ಇದ್ದ ದಪ್ಪ ಇಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಬೆಳೆದದ್ದೇಕೆ ಎಂಬುದು ಈಗ ನಡೆದಿರುವ ತಕರಾರು. ಪ್ಲಾಟಿನಂ 5196ರಲ್ಲಿದ್ದ ಚೆಲುವಾದ ಅರೇಬಿಕ್ ಅಂಕಿಗಳು ಏಕೆ ಬರಲಿಲ್ಲ ಎಂಬುದು ಇನ್ನೊಂದು. ಮೊನ್ನೆ ಮಿತ್ರರ ಮನೆಯಲ್ಲಿ ಈ ಹೊಸ ಗಡಿಯಾರದ ಚಿತ್ರವನ್ನು ಅವರ ಹಳೆಯ 3919ರ ಪಕ್ಕದಲ್ಲಿಟ್ಟು ನಾವು ಐದಾರು ಜನ ಎರಡು ಗಂಟೆ ಮಾತಾಡಿದೆವು. ದಪ್ಪದ ಬಗ್ಗೆ ಮಾತಾಡಿದೆವು, ಅಂಕಿಗಳ ಬಗ್ಗೆ, ಗುಲಾಬಿ ಬಣ್ಣದ ಬಗ್ಗೆ. ಹೊರಟು ಮೆಟ್ಟಿಲಿಳಿಯುವಾಗ ನನಗೆ ಹೊಳೆಯಿತು, ಸಣ್ಣ ಮುಳ್ಳಿನ ಸುದ್ದಿಯನ್ನು ಯಾರೊಬ್ಬರೂ ಎತ್ತಿರಲಿಲ್ಲ.

ನಮಸ್ಕಾರ.